ಭಾರವನ್ನೆತ್ತುವ ಕಿರುಬಂಡಿ: ಎ.ಟಿ.ವಿ. ವಾಹನ ಮತ್ತು ಅದರ ಎತ್ತುಸಾಧನಗಳು

ಒಕ್ಕಲುತನದಲ್ಲಿ ಉಳುವುದಕ್ಕೂ ಬಿತ್ತುವುದಕ್ಕೂ ಇರುವ ಗೌರವ ಹೊರೆ ಹೊರುವುದಕ್ಕಿಲ್ಲ. ಆದರೆ ಒಕ್ಕಲಿಗನ ದಿನಚರಿಯನ್ನು ಲೆಕ್ಕ ಹಾಕಿ ನೋಡಿದರೆ ದಿನದ ಬಹುಭಾಗವು ಒಂದೆಡೆಯ ಭಾರವನ್ನು ಮತ್ತೊಂದೆಡೆಗೆ ಸಾಗಿಸುವುದರಲ್ಲಿಯೇ ಕಳೆದಿರುತ್ತದೆ. ಗೊಬ್ಬರದ ಚೀಲ, ಮೇವಿನ ಹೊರೆ, ಬೇಲಿಯ ಕಂಬ, ನೀರಿನ ಪೀಪಾಯಿ, ಕಡಿದುರುಳಿಸಿದ ಮರದ ದಿಮ್ಮಿ - ಇವು ದೊಡ್ಡ ಯಂತ್ರವನ್ನು ತರಿಸುವಷ್ಟು ದೊಡ್ಡವಲ್ಲ. ಒಬ್ಬನೇ ಹೊತ್ತು ನಡೆಯುವಷ್ಟು ಚಿಕ್ಕವೂ ಅಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ ವಿಶಾಲವಾದ ಹಿಡುವಳಿಯನ್ನು ಒಬ್ಬಿಬ್ಬರೇ ನೋಡಿಕೊಳ್ಳಬೇಕಾದ ಸ್ಥಿತಿಯಿರುವುದರಿಂದ ಈ ನಡುವಣ ಗಾತ್ರದ ಭಾರವೇ ಅಲ್ಲಿನ ರೈತನಿಗೆ ನಿತ್ಯದ ಸಮಸ್ಯೆ. ಅದಕ್ಕೆ ಅವನು ಕಂಡುಕೊಂಡ ಉತ್ತರವೇ ಎ.ಟಿ.ವಿ., ಅಂದರೆ 'ಆಲ್ ಟೆರೇನ್ ವೆಹಿಕಲ್' - ಎಂಥ ನೆಲದ ಮೇಲೂ ಓಡಬಲ್ಲ ಬಂಡಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಇದಕ್ಕೆ 'ಕ್ವಾಡ್ ಬೈಕ್' ಎಂಬ ಹೆಸರೇ ರೂಢಿ.

ಈ ವಾಹನದ ಹುಟ್ಟು ಹೊಲದಲ್ಲಿ ಆದುದಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಮೋಟಾರು ಸೈಕಲ್ಲಿನ ವ್ಯಾಪಾರ ಕುಗ್ಗುತ್ತಿದ್ದ ಅಮೆರಿಕದ ಮಾರುಕಟ್ಟೆಗೆಂದು ಜಪಾನಿನ ಹೊಂಡಾ ಸಂಸ್ಥೆಯು 1970ರಲ್ಲಿ 'ಯು.ಎಸ್. 90' ಎಂಬ ಮೂರು ಗಾಲಿಯ ಬಂಡಿಯನ್ನು ತಂದಿತು. ಮುಂದೆ ಒಂದು ಗಾಲಿ, ಹಿಂದೆ ಎರಡು. ಬಲೂನಿನಂತೆ ಉಬ್ಬಿದ, ಬಹು ಕಡಿಮೆ ಗಾಳಿಯ ಟೈರುಗಳು. ಹಿಮ, ಮರಳು, ಕೆಸರುಗಳ ಮೇಲೆ ಹೂತುಹೋಗದೆ ಓಡುವ ಈ ವಿನೋದದ ವಾಹನವನ್ನು ರೈತರು ಕೆಲಸಕ್ಕೂ ಹಚ್ಚಿದರು. ಅದನ್ನು ಗಮನಿಸಿ ಅದೇ ಸಂಸ್ಥೆಯು 1982ರಲ್ಲಿ ಮುಂದೆಯೂ ಹಿಂದೆಯೂ ಸಾಮಾನು ಹೇರುವ ಕ್ಯಾರಿಯರ್ ಇರುವ ಮಾದರಿಯನ್ನು ಹೊರತಂದಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಸುಜುಕಿ ಸಂಸ್ಥೆಯ ನಾಲ್ಕು ಗಾಲಿಯ ಬಂಡಿ ಬಂದಿತು. ಮೂರು ಗಾಲಿಯ ಬಂಡಿಗಳು ತಿರುವಿನಲ್ಲಿ ಮಗುಚಿಕೊಂಡು, ಮಕ್ಕಳೂ ಸೇರಿದಂತೆ ಅನೇಕರು ಪ್ರಾಣ ಕಳೆದುಕೊಂಡ ಮೇಲೆ, 1988ರಲ್ಲಿ ಅಮೆರಿಕದ ಸರ್ಕಾರಕ್ಕೂ ತಯಾರಕರಿಗೂ ನ್ಯಾಯಾಲಯದ ಮುಖಾಂತರ ಒಪ್ಪಂದವಾಗಿ ಮೂರು ಗಾಲಿಯ ಹೊಸ ಬಂಡಿಗಳ ಮಾರಾಟ ನಿಂತಿತು. ಗಾಲಿ ನಾಲ್ಕಾದುದರಿಂದ ಮಗುಚುವ ಅಪಾಯ ತಗ್ಗಿತೇ ಹೊರತು ತೊಲಗಲಿಲ್ಲ. ಭಾರವೆತ್ತುವ ಸಾಧನಗಳ ಮಾತು ಬಂದಾಗ ಈ ಇತಿಹಾಸವನ್ನು ಮರೆಯಲಾಗದು.

ಕೆಲಸಕ್ಕೆ ಬಳಸುವ ಎ.ಟಿ.ವಿ. ಒಂದರ ತೂಕ ಸಾಮಾನ್ಯವಾಗಿ 250ರಿಂದ 350 ಕಿಲೋಗ್ರಾಂ. ಕುದುರೆಯ ಮೇಲೆ ಕುಳಿತಂತೆ ಅದರ ಮೇಲೆ ಕಾಲು ಇಳಿಬಿಟ್ಟು ಕುಳಿತುಕೊಳ್ಳಬೇಕು; ಸೈಕಲ್ಲಿನ ಹಿಡಿಯಂತಹ ಹಿಡಿಯಿಂದ ತಿರುಗಿಸಬೇಕು. ಟ್ರ್ಯಾಕ್ಟರಿನ ತೂಕ ಇದರ ಆರೇಳು ಪಟ್ಟು. ಟ್ರ್ಯಾಕ್ಟರಿನ ಮೇಲೆ ಕುಳಿತ ಮನುಷ್ಯನ ತೂಕ ಆ ಯಂತ್ರಕ್ಕೆ ಲೆಕ್ಕಕ್ಕಿಲ್ಲ, ಎ.ಟಿ.ವಿ.ಗಾದರೋ ಸವಾರನೇ ಒಟ್ಟು ಭಾರದ ಐದನೆಯ ಒಂದು ಪಾಲು. ಅವನು ಮುಂದೆ ಬಾಗಿದರೆ, ಹಿಂದೆ ಸರಿದರೆ, ಪಕ್ಕಕ್ಕೆ ಒಲೆದರೆ ಬಂಡಿಯ ಸಮತೋಲವೇ ಬದಲಾಗುತ್ತದೆ. ಇಷ್ಟು ಹಗುರವಾದ ಬಂಡಿಗೆ ಭಾರವೆತ್ತುವ ತೋಳನ್ನು ಹಚ್ಚಿದಾಗ ಏನಾಗುತ್ತದೆ ಎಂಬುದೇ ಇಲ್ಲಿಯ ವಿಚಾರ.

ಕನ್ನಡ ನಾಡಿನ ಗಾಡಿ ಹೊಡೆಯುವವರಿಗೆ ಈ ವಿಚಾರ ಹೊಸದಲ್ಲ. ಎರಡು ಗಾಲಿಯ ಎತ್ತಿನ ಬಂಡಿಗೆ ಚೀಲ ಹೇರುವಾಗ ಅವರು ಅಚ್ಚಿನ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ನೋಡಿಯೇ ಹೇರುತ್ತಾರೆ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಸನ್ನೆಯ ನಿಯಮವೆಂದು ಓದುವುದು ಇದನ್ನೇ: ಭಾರವನ್ನು ಆಧಾರದಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು. ಬಂಡಿಯ ಅಚ್ಚೇ ಆಧಾರ. ನಾಲ್ಕು ಗಾಲಿಯ ವಾಹನದಲ್ಲಿ ಅಚ್ಚುಗಳು ಎರಡಿದ್ದರೂ, ಹಿಂದಿನ ಅಚ್ಚಿನಿಂದ ಆಚೆಗೆ ಭಾರವನ್ನು ತೂಗುಹಾಕಿದ ಕೂಡಲೇ ಅದೂ ಸನ್ನೆಯೇ ಆಗುತ್ತದೆ. ಹಿಂದಿನ ಅಚ್ಚು ಆಧಾರ, ಮುಂದಿನ ಗಾಲಿಗಳು ಮೂಕಿಯ ತುದಿ.

ಲೆಕ್ಕಕ್ಕೆಂದು ಒಂದು ಬಂಡಿಯನ್ನು ಕಲ್ಪಿಸಿಕೊಳ್ಳಬಹುದು. ಅದರ ತೂಕ 300 ಕಿಲೋ, ಸವಾರ 75 ಕಿಲೋ; ಎರಡು ಅಚ್ಚುಗಳ ನಡುವಣ ಅಂತರ 1.25 ಮೀಟರು. ಸಮನೆಲದ ಮೇಲೆ ಮುಂದಿನ ಗಾಲಿಗಳು ಸುಮಾರು 180 ಕಿಲೋ, ಹಿಂದಿನವು 195 ಕಿಲೋ ಹೊತ್ತಿರುತ್ತವೆ ಎಂದುಕೊಳ್ಳೋಣ. (ಕಿಲೋಗ್ರಾಂ ಎಂಬುದು ದ್ರವ್ಯರಾಶಿಯ ಮಾನ, ಬಲದ ಮಾನವಲ್ಲ ಎಂದು ವಿಜ್ಞಾನದ ಅಧ್ಯಾಪಕರು ಆಕ್ಷೇಪಿಸಬಹುದು; ಇಲ್ಲಿ ಬಳಸಿರುವುದು ತಕ್ಕಡಿಯ ಭಾಷೆ.) ಈಗ ಹಿಂದಿನ ಅಚ್ಚಿನಿಂದ ಒಂದು ಮೀಟರು ಹಿಂದೆ ಚಾಚಿದ ತೋಳಿನಿಂದ 80 ಕಿಲೋ ಭಾರವನ್ನು ನೆಲ ಬಿಡಿಸಿದರೆ, ಮುಂದಿನ ಗಾಲಿಗಳ ಮೇಲಿನ ಒತ್ತಡ 64 ಕಿಲೋದಷ್ಟು ಇಳಿದು 116 ಕಿಲೋ ಆಗುತ್ತದೆ. ಹಿಂದಿನ ಗಾಲಿಗಳಿಗೆ ಬೀಳುವುದು 80 ಕಿಲೋ ಅಷ್ಟೇ ಅಲ್ಲ. 144 ಕಿಲೋ ಹೆಚ್ಚಿ ಅವುಗಳ ಹೊರೆ 339 ಕಿಲೋಗೆ ಏರುತ್ತದೆ. ಇದೇ ಬಂಡಿ 20 ಡಿಗ್ರಿ ಏರನ್ನು ಹತ್ತತೊಡಗಿದರೆ, ಗುರುತ್ವಕೇಂದ್ರವು ನೆಲದಿಂದ 0.6 ಮೀಟರು ಎತ್ತರದಲ್ಲಿದೆಯೆಂದು ಇಟ್ಟುಕೊಂಡಾಗ, ಮುಂದಿನ ಗಾಲಿಗಳ ಮೇಲೆ ಉಳಿಯುವುದು ಸುಮಾರು 35 ಕಿಲೋ ಮಾತ್ರ. ಭಾರವಿಲ್ಲದೆ ಅದೇ ಏರನ್ನು ಹತ್ತಿದ್ದರೆ ಸುಮಾರು 108 ಕಿಲೋ ಉಳಿಯುತ್ತಿತ್ತು. ಮೂವತ್ತೈದು ಕಿಲೋ ಒತ್ತಡದಲ್ಲಿ ಗಾಲಿ ತಿರುಗಿಸಿದತ್ತ ಬಂಡಿ ತಿರುಗದು. ಸವಾರ ಗಾಬರಿಯಿಂದ ಎಂಜಿನ್ನಿನ ವೇಗ ಹೆಚ್ಚಿಸಿದರೆ ಮುಂಭಾಗವೇ ಮೇಲೆದ್ದು ಬಂಡಿ ಅವನ ಮೇಲೆ ಹಿಮ್ಮಗುಚಿ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಡ. ತಯಾರಕರು ಕೊಂಡಿಯ ಮೇಲೆ ಇಷ್ಟೇ ಭಾರ, ಹಿಂದಿನ ಕ್ಯಾರಿಯರಿನ ಮೇಲೆ ಇಷ್ಟೇ ಭಾರ ಎಂದು ಬರೆದು ಅಂಟಿಸುವ ಚೀಟಿಯ ಹಿಂದೆ ಇರುವುದು ಈ ಸರಳ ಗುಣಾಕಾರವೇ.

ಬೇಟೆಗಾರರೂ ತೋಟದವರೂ ಹಿಂದಿನ ಕ್ಯಾರಿಯರಿನ ಮೇಲೆ ನಿಲ್ಲಿಸಿಕೊಳ್ಳುವ ಚಿಕ್ಕ ಕ್ರೇನುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಕಂಬ, ಅದರ ತುದಿಗೆ ಅಡ್ಡತೊಲೆ, ತೊಲೆಯ ತುದಿಯಲ್ಲಿ ರಾಟೆ, ಕೈಯಿಂದ ತಿರುವುವ ಹಗ್ಗದ ಉರುಳೆ - ಇಷ್ಟೇ ಅದರ ರಚನೆ. ಬಾವಿಯ ರಾಟೆಯನ್ನು ಬಂಡಿಯ ಮೇಲೆ ಹೇರಿದಂತೆ. ಭಾರವು ನೆಲದಿಂದ ಒಂದು ಗೇಣು ಮಾತ್ರ ಎದ್ದಿದೆ, ಆದಕಾರಣ ಬಂಡಿಯ ಗುರುತ್ವಕೇಂದ್ರ ತಗ್ಗಿನಲ್ಲಿಯೇ ಇದೆ ಎಂದು ನೋಡುವವರಿಗೆ ಅನ್ನಿಸುತ್ತದೆ. ಅದು ಭ್ರಮೆ. ಹಗ್ಗದಲ್ಲಿ ಜೋಲುವ ಭಾರವು ಬಂಡಿ ವಾಲಿದತ್ತ ತಾನೂ ತೂಗಿ ಹೋಗುತ್ತದೆ. ಆದ್ದರಿಂದ ಸಮತೋಲದ ಲೆಕ್ಕದಲ್ಲಿ ಅದರ ತೂಕ ಇರುವುದು ತಾನು ಜೋಲುವ ಜಾಗದಲ್ಲಲ್ಲ, ಹಗ್ಗವನ್ನು ಹಿಡಿದಿರುವ ತೊಲೆಯ ತುದಿಯಲ್ಲಿ. ಮೇಲಿನ ಬಂಡಿಯ ಗಾಲಿಗಳ ಅಡ್ಡಗಲ 0.9 ಮೀಟರು ಎಂದುಕೊಂಡರೆ, ಭಾರವಿಲ್ಲದಾಗ ಅದು ಪಕ್ಕಕ್ಕೆ ಸುಮಾರು 37 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಒಂದೂವರೆ ಮೀಟರು ಎತ್ತರದ ತೊಲೆಯಿಂದ 60 ಕಿಲೋ ತೂಗಿಬಿಟ್ಟರೆ ಆ ಮಿತಿ 32 ಡಿಗ್ರಿಗೆ ಇಳಿಯುತ್ತದೆ. ಕೇವಲ ಐದು ಡಿಗ್ರಿ ಎನ್ನಬಹುದು. ಆದರೆ ಇದು ನಿಂತ ಬಂಡಿಯ, ಗಟ್ಟಿ ಗಾಲಿಯ ಲೆಕ್ಕ. ಒಂದು ಗಾಲಿ ಹೆಗ್ಗಣದ ಬಿಲಕ್ಕೆ ಇಳಿದು, ಮೆತ್ತಗಿನ ಟೈರು ಒಂದು ಕಡೆ ಅದುಮಿಕೊಂಡು, ಜೋಲುವ ಭಾರ ತೊಟ್ಟಿಲಿನಂತೆ ಆಚೆ ಈಚೆ ತೂಗತೊಡಗಿದಾಗ ಉಳಿದ ಡಿಗ್ರಿಗಳು ಒಂದೊಂದಾಗಿ ಕರಗುತ್ತವೆ. ಈ ಕ್ರೇನುಗಳು ಭಾರವನ್ನು ಎತ್ತಿ ಕ್ಯಾರಿಯರಿನ ಮೇಲೆ ಇಳಿಸುವುದಕ್ಕೆ ಮಾತ್ರ. ತೂಗಿಬಿಟ್ಟುಕೊಂಡು ಊರು ಸುತ್ತುವುದಕ್ಕಲ್ಲ. ಬಂಡಿ ನಿಂತಿರಬೇಕು, ನೆಲ ಸಮವಾಗಿರಬೇಕು. ಎತ್ತಿದ ಭಾರ ಕ್ಯಾರಿಯರಿನ ಮಿತಿಯೊಳಗಿರಬೇಕು.

ಮುಂಭಾಗದಲ್ಲಿ ಹಚ್ಚುವ ವಿದ್ಯುತ್ ವಿಂಚಿನ ಕಥೆ ಬೇರೆ. ಬಂಡಿಯ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಈ ಪುಟ್ಟ ಯಂತ್ರದ ಮೇಲೆ 2,500 ಪೌಂಡು, ಅಂದರೆ ಸುಮಾರು 1,130 ಕಿಲೋ, ಎಂಬ ಅಂಕಿಯನ್ನು ಕಂಡು ಕೊಳ್ಳುವವರು ಬೆರಗಾಗುತ್ತಾರೆ. ಈ ಅಂಕಿ ಉರುಳೆಯ ಮೇಲೆ ಹಗ್ಗದ ಒಂದೇ ಪದರ ಉಳಿದಿರುವಾಗಿನ ಎಳೆತ. ಪದರದ ಮೇಲೆ ಪದರ ಸುತ್ತಿಕೊಂಡಂತೆ ಉರುಳೆಯ ತ್ರಿಜ್ಯ ಬೆಳೆಯುತ್ತದೆ. ಮೋಟಾರಿನ ತಿರುಚುಬಲ ಅಷ್ಟೇ ಇರುವುದರಿಂದ ಎಳೆತ ಕುಗ್ಗುತ್ತದೆ. ಎಳೆತ ಸಾಲದಿದ್ದರೆ ಹಗ್ಗವನ್ನು ಭಾರಕ್ಕೆ ಕಟ್ಟಿದ ರಾಟೆಯೊಂದರ ಮೂಲಕ ಹಾಯಿಸಿ ಹಿಂದಕ್ಕೆ ತಂದು ಬಿಗಿದರೆ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. ಆದರೆ ವಿಂಚು ಎಳೆಯುವ ಸಾಧನ, ತೂಗಿ ಎತ್ತುವ ಸಾಧನವಲ್ಲ. ಭಾರವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಲು ಬೇಕಾದ ಭದ್ರವಾದ ತಡೆ ಅದರಲ್ಲಿಲ್ಲವೆಂದು ತಯಾರಕರೇ ಕೈಪಿಡಿಯಲ್ಲಿ ಎಚ್ಚರಿಸುತ್ತಾರೆ. ಹಿಮ ಬೀಳುವ ಸೀಮೆಯಲ್ಲಿ ಇದಕ್ಕೊಂದು ಸಣ್ಣ ವಿನಾಯಿತಿಯಿದೆ: ಬಂಡಿಯ ಮುಂದೆ ಹಚ್ಚಿದ ಹಿಮ ತಳ್ಳುವ ಅಲಗನ್ನು ಏರಿಸಿ ಇಳಿಸುವುದು ಇದೇ ವಿಂಚು. ಅಲ್ಲಿ ಎತ್ತುವುದು ಒಂದು ಗೇಣು. ಹಗ್ಗ ಕಡಿದರೂ ಅಲಗು ನೆಲಕ್ಕೆ ಬೀಳುತ್ತದೆಯೇ ವಿನಾ ಯಾರ ತಲೆಯ ಮೇಲೂ ಅಲ್ಲ. ಹಾಗಿದ್ದರೂ ದಿನಕ್ಕೆ ನೂರಾರು ಬಾರಿ ಅದೇ ಒಂದು ಗೇಣು ಹಗ್ಗ ಉರುಳೆಯ ಮೇಲೆ ಉಜ್ಜಿ ಉಜ್ಜಿ ಉಕ್ಕಿನ ಎಳೆಗಳು ಬೇಗನೆ ಸವೆದುಹೋಗುವುದರಿಂದ ಅನೇಕರು ಆ ಕೆಲಸಕ್ಕೆ ಕೃತಕ ನೂಲಿನ ಹಗ್ಗವನ್ನೋ ಪಟ್ಟಿಯನ್ನೋ ಬಳಸುತ್ತಾರೆ.

ಹಿಂದಿನ ಕೊಂಡಿಗೆ ಹಚ್ಚುವ ಮೂರು ಬಿಂದುಗಳ ಎತ್ತುಸಾಧನಗಳೂ ಇವೆ. ಟ್ರ್ಯಾಕ್ಟರನ್ನು ಬಲ್ಲ ಓದುಗರಿಗೆ ಇದು ಪರಿಚಿತ ರೂಪ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿದ, 1939ರಲ್ಲಿ ಅಮೆರಿಕದ ಫೋರ್ಡ್ ಟ್ರ್ಯಾಕ್ಟರಿನ ಮೂಲಕ ಬಹುಸಂಖ್ಯೆಯಲ್ಲಿ ಹೊಲಕ್ಕಿಳಿದ ಆ ಜೋಡಣೆಯೇ ಇಂದು ಕರ್ನಾಟಕದ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಹಿಂದೆಯೂ ಇರುವುದು. ಅದಕ್ಕೆ ಮೊದಲು ನೇಗಿಲನ್ನು ಸರಪಳಿಯಿಂದ ಕಟ್ಟಿ ಎಳೆಯುತ್ತಿದ್ದ ಕಾಲದಲ್ಲಿ, ಕುಳ ಬಂಡೆಗೆ ಸಿಕ್ಕಿಕೊಂಡರೆ ಹಗುರವಾದ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆ ಮಗುಚುತ್ತಿತ್ತು. ಫರ್ಗ್ಯುಸನ್ನನ ಜೋಡಣೆಯಲ್ಲಿ ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ, ಮೇಲಿನ ಒಂದು ತೋಳು ಮುಂದಕ್ಕೆ ಒತ್ತುತ್ತದೆ. ಆ ಒತ್ತಡವೇ ಮೂತಿಯನ್ನು ನೆಲಕ್ಕೆ ಹಿಡಿದಿಡುತ್ತದೆ. ಜೊತೆಗೆ ನೇಗಿಲಿನ ಎಳೆತ ಹೆಚ್ಚಾದ ಕೂಡಲೇ ಹೈಡ್ರಾಲಿಕ್ ವ್ಯವಸ್ಥೆಯು ಅದನ್ನು ತಾನಾಗಿಯೇ ತುಸು ಮೇಲೆತ್ತುತ್ತದೆ. ಎ.ಟಿ.ವಿ.ಗೆ ಮಾರುವ ಸಾಧನಗಳು ಈ ರೂಪವನ್ನು ಅನುಕರಿಸುತ್ತವೆ, ಬುದ್ಧಿಯನ್ನಲ್ಲ. ವಿದ್ಯುತ್ತಿನಿಂದ ಚಾಚುವ ದಂಡವೊಂದು ಸಲಕರಣೆಯನ್ನು ಏರಿಸುತ್ತದೆ, ಇಳಿಸುತ್ತದೆ, ಅಷ್ಟೆ. ಕುಳ ಬೇರಿಗೆ ಸಿಕ್ಕಿಕೊಂಡದ್ದು ಅದಕ್ಕೆ ತಿಳಿಯದು. ಕುಂಟೆ, ಹಲುಬೆ, ಬೀಜ ಚೆಲ್ಲುವ ಪೆಟ್ಟಿಗೆ ಇಂಥವನ್ನು ಹೊಲದ ಕೊನೆಯಲ್ಲಿ ಎತ್ತಿ ತಿರುಗಿಸುವುದಕ್ಕೆ, ದಾರಿಯಲ್ಲಿ ಉಜ್ಜದಂತೆ ಒಯ್ಯುವುದಕ್ಕೆ ಅದು ಸಾಕು. ಹೆಚ್ಚಿನದನ್ನು ಅದರಿಂದ ಬಯಸುವುದು ತರವಲ್ಲ.

ಹಾಗಾದರೆ ನಿಜವಾದ ಭಾರವನ್ನು ಈ ಹಗುರ ಬಂಡಿಯಿಂದ ಸಾಗಿಸುವುದು ಹೇಗೆ? ಇದಕ್ಕೆ ಅತ್ಯಂತ ಜಾಣ ಉತ್ತರ ದೊರೆಯುವುದು ಮರ ಸಾಗಿಸುವವರಲ್ಲಿ. ಮೂವತ್ತು ಸೆಂಟಿಮೀಟರು ವ್ಯಾಸದ, ಮೂರು ಮೀಟರು ಉದ್ದದ ಹಸಿ ದಿಮ್ಮಿಯೊಂದರ ತೂಕ ಸುಮಾರು 190 ಕಿಲೋ. ಇದನ್ನು ಸರಪಳಿ ಕಟ್ಟಿ ನೆಲದ ಮೇಲೆ ಎಳೆದರೆ ಪೂರ್ತಿ ತೂಕದ ಘರ್ಷಣೆಯೂ ಎಳೆತಕ್ಕೆ ಎದುರು ನಿಲ್ಲುತ್ತದೆ. ಸಾಲದೆಂಬಂತೆ ದಿಮ್ಮಿಯ ಮುಂದಿನ ತುದಿ ಮಣ್ಣನ್ನು ಕೊರೆದು, ಬೇರಿಗೋ ಬೊಡ್ಡೆಗೋ ಬಡಿದು ನಿಂತುಬಿಡುತ್ತದೆ. ಆಗ ಬಂಡಿಗೆ ಬೀಳುವುದು ನೇಗಿಲು ಬಂಡೆಗೆ ಸಿಕ್ಕಿದಂಥದೇ ಜಗ್ಗು. ಇದನ್ನು ತಪ್ಪಿಸುವ ಸಾಧನಕ್ಕೆ 'ಲಾಗ್ ಆರ್ಚ್' ಎಂದು ಹೆಸರು: ಎರಡು ಗಾಲಿಗಳ ಮೇಲೆ ನಿಂತ ಒಂದು ಕಮಾನು. ಕಮಾನನ್ನು ದಿಮ್ಮಿಯ ಮೇಲೆ ಹಾಯಿಸಿ, ಅದರ ಮುಂದಿನ ತುದಿಯನ್ನು ಸನ್ನೆಯಿಂದಲೋ ಚಿಕ್ಕ ಉರುಳೆಯಿಂದಲೋ ಒಂದು ಗೇಣು ಎತ್ತಿ ಕಮಾನಿಗೆ ಬಿಗಿಯುತ್ತಾರೆ. ದಿಮ್ಮಿಯ ಅರ್ಧ ತೂಕ, ಅಂದರೆ 95 ಕಿಲೋ, ಕಮಾನಿನ ಗಾಲಿಗಳಿಗೆ ಸೇರಿತು. ಉಳಿದರ್ಧ ನೆಲದ ಮೇಲೆ ಜಾರುತ್ತ ಬರುತ್ತದೆ. ಉರುಳುವ ಗಾಲಿಯ ಘರ್ಷಣೆ ಅತ್ಯಲ್ಪವಾದ್ದರಿಂದ ಬೇಕಾದ ಎಳೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾದುದು, ಎ.ಟಿ.ವಿ.ಯ ಹಿಂದಿನ ಅಚ್ಚಿನ ಮೇಲೆ ಹೇಳಿಕೊಳ್ಳುವಂಥ ಭಾರವೇನೂ ಬೀಳಲಿಲ್ಲ. ಬಂಡಿಗೆ ಉಳಿದ ಕೆಲಸ ಎಳೆಯುವುದೊಂದೇ.

ಈ ಉಪಾಯ ಎಂಜಿನ್ನಿಗಿಂತ ಹಳೆಯದು. ಅಮೆರಿಕದ ಮಿಷಿಗನ್ ರಾಜ್ಯದ ಮ್ಯಾನಿಸ್ಟೀ ಎಂಬ ಊರಿನಲ್ಲಿ ಬಂಡಿ ಮಾಡುತ್ತಿದ್ದ ಸೈಲಸ್ ಓವರ್‌ಪ್ಯಾಕ್ ಎಂಬಾತ 1870ರ ದಶಕದಲ್ಲಿ ಆಳೆತ್ತರವನ್ನೂ ಮೀರಿದ ಗಾಲಿಗಳ ಜೋಡಿಯನ್ನು ಮರ ಸಾಗಿಸುವವರಿಗೆ ಮಾಡಿಕೊಡತೊಡಗಿದ. ಗಾಲಿಯ ಎತ್ತರ ಒಂಬತ್ತು ಹತ್ತು ಅಡಿ. ಉದ್ದನೆಯ ಮೂಕಿಯನ್ನು ಮೇಲಕ್ಕೆತ್ತಿ ನಿಲ್ಲಿಸಿ, ಅಚ್ಚಿನ ಕೆಳಗೆ ದಿಮ್ಮಿಗಳನ್ನು ಸರಪಳಿಯಿಂದ ಬಿಗಿದು, ಮೂಕಿಯನ್ನು ಕೆಳಕ್ಕೆ ಜಗ್ಗಿದರೆ ದಿಮ್ಮಿಗಳ ತುದಿ ತಾನಾಗಿಯೇ ನೆಲ ಬಿಡುತ್ತಿತ್ತು; ಏತದ ಮರ ತಗ್ಗಿದಾಗ ಬಾನಿ ಮೇಲೇಳುವಂತೆ. ಹಿಮವಿಲ್ಲದ ಕಾಲದಲ್ಲಿ ಜಾರುಬಂಡಿ ನಡೆಯದೆ ಕೆಲಸ ನಿಲ್ಲುತ್ತಿದ್ದ ಕಾಡುಗಳಲ್ಲಿ ಕುದುರೆಗಳು ಈ ಗಾಲಿಗಳಿಂದ ಬೇಸಿಗೆಯಲ್ಲಿಯೂ ಮರ ಸಾಗಿಸಿದವು. ಎ.ಟಿ.ವಿ.ಯ ಹಿಂದೆ ಕಾಣುವ ಕಮಾನು ಆ ಮಹಾಗಾಲಿಯ ಮರಿ. ಹುಲ್ಲಿನ ದುಂಡು ಹೊರೆಗಳನ್ನು ಸಾಗಿಸುವಲ್ಲಿಯೂ ಇದೇ ದಾರಿ. ಒಂದೊಂದು ಹೊರೆ 250 ಕಿಲೋಗಿಂತ ಹೆಚ್ಚು ತೂಗುವುದರಿಂದ ಅದನ್ನು ಬಂಡಿಯ ತೋಳಿನಿಂದ ಎತ್ತುವ ಮಾತೇ ಇಲ್ಲ. ತನ್ನದೇ ಗಾಲಿಗಳುಳ್ಳ ಚೌಕಟ್ಟೊಂದು ಹೊರೆಯನ್ನು ಇಬ್ಬದಿಯಿಂದ ಹಿಡಿದು ಎತ್ತಿಕೊಳ್ಳುತ್ತದೆ. ಬಂಡಿ ಅದನ್ನು ಎಳೆದೊಯ್ಯುತ್ತದೆ.

ಈ ಲೆಕ್ಕಾಚಾರಗಳು ಪ್ರಾಣದ ಪ್ರಶ್ನೆಯೂ ಹೌದೆಂಬುದಕ್ಕೆ ಆಸ್ಟ್ರೇಲಿಯಾದ ಕಾನೂನೇ ಸಾಕ್ಷಿ. ಹೊಲಗಳಲ್ಲಿ ಮಗುಚಿದ ಬಂಡಿಯ ಅಡಿಯಲ್ಲಿ ಸಿಕ್ಕಿ, ಉಸಿರುಗಟ್ಟಿ ಸಾಯುವವರ ಸಂಖ್ಯೆ ಬೆಳೆದು, ಅಲ್ಲಿಯ ಸರ್ಕಾರ 2019ರಲ್ಲಿ ಕಡ್ಡಾಯ ಸುರಕ್ಷಾ ಮಾನಕವನ್ನು ಹೊರಡಿಸಿತು. ಅದರಂತೆ 2021ರ ಅಕ್ಟೋಬರ್ 11ರಿಂದ ಸಾಮಾನ್ಯ ಬಳಕೆಗೆ ಮಾರುವ ಪ್ರತಿಯೊಂದು ಹೊಸ ಬಂಡಿಗೂ, ಮಗುಚಿದರೂ ಸವಾರನು ಪೂರ್ತಿ ಅಪ್ಪಚ್ಚಿಯಾಗದಂತೆ ಹಿಂಬದಿಯಲ್ಲಿ ರಕ್ಷಣಾ ಚೌಕಟ್ಟಿರಬೇಕು, ಪಕ್ಕಕ್ಕೆ 28.81 ಡಿಗ್ರಿ, ಹಿಂದು ಮುಂದಕ್ಕೆ 38.65 ಡಿಗ್ರಿ ವಾಲಿಸುವವರೆಗೆ ಅದರ ಗಾಲಿಗಳು ನೆಲ ಬಿಡಬಾರದು. ಕೆಲವು ಪ್ರಮುಖ ತಯಾರಕರು ಇದನ್ನೊಪ್ಪದೆ ಆ ದೇಶದಲ್ಲಿ ಮಾರಾಟವನ್ನೇ ನಿಲ್ಲಿಸಿದರು. ಕಾನೂನಿನ ಅಂಕಿ ಅಂಗಡಿಯಿಂದ ಹೊರಟ ಬಂಡಿಗೆ ಸಂಬಂಧಿಸಿದ್ದೆಂಬುದನ್ನು ಮಾತ್ರ ಮನಗಾಣಬೇಕು. ಕೊಂಡವನು ಆಮೇಲೆ ಹಚ್ಚಿದ ತೊಲೆ, ಕ್ರೇನು, ನೀರು ತುಳುಕುವ ಔಷಧದ ಪೀಪಾಯಿ - ಇವನ್ನು ಪರೀಕ್ಷೆಯ ಹಲಗೆಯ ಮೇಲೆ ವಾಲಿಸಿ ನೋಡಿದವರಿಲ್ಲ.

ಭಾರತದಲ್ಲಿ ಈ ಬಂಡಿ ಹೆಚ್ಚಾಗಿ ಕಾಣಸಿಗುವುದು ಕಡಲತೀರದಲ್ಲಿ, ಗಿರಿಧಾಮಗಳ ವಿಹಾರಸ್ಥಾನಗಳಲ್ಲಿ, ಪ್ರವಾಸಿಗರ ವಿನೋದಕ್ಕೆ. ಟ್ರ್ಯಾಕ್ಟರು ಹೊಕ್ಕಲಾಗದ ಇಳಿಜಾರಿನ ತೋಟಗಳಲ್ಲಿ ಮುಂದೆ ಇದು ಕೆಲಸಕ್ಕೆ ಇಳಿಯಬಹುದು. ಹಾಗೆ ಇಳಿದರೆ ಮೊದಲು ಎದುರಾಗುವುದು ಏರಿಗಿಂತ ಇಳಿತದ ಸಮಸ್ಯೆ. ಪೂರ್ತಿ ನೆಲ ಬಿಟ್ಟು ಗಾಲಿಯ ಮೇಲೇರಿದ ಭಾರವು ಇಳಿಜಾರಿನಲ್ಲಿ ಹಗುರ ಬಂಡಿಯನ್ನು ಹಿಂದಿನಿಂದ ದಬ್ಬುತ್ತದೆ. ಬಂಡಿಯ ಬ್ರೇಕುಗಳು ತನ್ನ ತೂಕದಷ್ಟೇ ಇರುವ ಇನ್ನೊಂದು ತೂಕವನ್ನು ಹಿಡಿಯಲು ಸಾಲವು. ಕಮಾನಿನಲ್ಲಿ ಮುಂದಿನ ತುದಿಯನ್ನಷ್ಟೇ ಎತ್ತಿದ ದಿಮ್ಮಿಯಾದರೆ ಹಿಂದಿನ ತುದಿ ನೆಲವನ್ನು ಉಜ್ಜುತ್ತಲೇ ಬರುವುದರಿಂದ ಅದೇ ಬ್ರೇಕಿನ ಕೆಲಸವನ್ನು ಮಾಡುತ್ತದೆ. ಮರ ಸಾಗಿಸುವ ಅನುಭವಿಗಳು ಇಳಿಜಾರು ಬಂದಾಗ ದಿಮ್ಮಿಯನ್ನು ಇನ್ನಷ್ಟು ಎತ್ತುವುದಿಲ್ಲ, ಒಂದೆರಡು ಬೆರಳು ಇಳಿಸುತ್ತಾರೆ.